ಇದರಾಗ ನನ್ನ ಬಂಡಿ ಯಾವುದು?

ಪ್ರಶ್ನೆ: ಅಣ್ಣಾರ, ನಾನು ಇಂಜಿನಿಯರಿಂಗ್ ಮೂರನೇ ವರ್ಷದಾಕಿ. ನಾವು ನಾಲ್ವರು ಗೆಳತ್ಯಾರು 48 ತಾಸಿನಾಗ ಒಂದು ಆಟ ಕಟ್ಟಿ ಮುಗಿಸೋ ಗೇಮ್ ಜಾಮ್‌ಗೆ ಹೆಸರು ಕೊಟ್ಟೇವಿ. ನಾಲ್ಕು ಮಂದಿ ಆನ್‌ಲೈನಿನಾಗ ಕೂಡಿ ಆಡೋ ಬಂಡಿ ಓಟ; ಯುಐ ಚಿತ್ರ (ಮೆನು, ಬಟನ್, ಗುರುತು) ನನ್ನ ಪಾಲಿಗೆ ಬಂದೈತಿ. ಕಳೆದ ಸಲ ಇಳಕಲ್ ಸೀರೆ ಸೆರಗು ನೋಡಿ ಮೆನು ಬಿಡಿಸೋದ್ರಾಗ ಒಂದು ರಾತ್ರಿ ಹೋತು. ಆಡಿದವರು ‘ಚೆಂದ ಐತಿ, ಆದ್ರ ಇದರಾಗ ನನ್ನ ಬಂಡಿ ಯಾವುದು?’ ಅಂದ್ರು. ಬಟನ್ ಮ್ಯಾಲಿನ ಒತ್ತಕ್ಷರಾನೂ ಕತ್ತರಿಸಿ ಹೋಗಿದ್ವು. ಈ ಸಲ ಎಲ್ಲಿಂದ ಸುರು ಮಾಡ್ಲಿ?
— ಓದುಗಿ, ಬಾಗಲಕೋಟೆ

ಉತ್ತರ: ಆಡಿದವರು ಕೇಳಿದ ಆ ಪ್ರಶ್ನೆಯಿಂದಲೇ ಸುರು ಮಾಡು ತಂಗಿ.

ನಮ್ಮಪ್ಪ ಬೆಳಗಾವಿಯಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದರು. ಬರೆದಾದ ಮೇಲೆ ರಸ್ತೆ ದಾಟಿ, ಆ ಕಡೆ ನಿಂತು, ಕಣ್ಣು ಕಿರಿದು ಮಾಡಿ ನೋಡೋರು. ಅಲ್ಲಿಂದ ಹೆಸರು ಓದಲಿಕ್ಕೆ ಬರದಿದ್ದರೆ ಅರ್ಧ ದಿನ ಕುಂತು ಬಿಡಿಸಿದ ಹೂಬಳ್ಳಿಯ ಮೇಲೂ ಬಿಳಿ ಬಣ್ಣ ಎಳೆದುಬಿಡೋರು. ನಾನು ಆಟದ ಪರದೆಯನ್ನು ಬೆಂಕಿಪೊಟ್ಟಣದಷ್ಟು ಸಣ್ಣದು ಮಾಡಿ ನೋಡುವುದು ಅವರಿಂದ ಕಲಿತದ್ದು. ಓಟದಲ್ಲಿ ಆಡುವವರ ಕಣ್ಣು ಎತ್ತಿನ ಮೇಲಿರುತ್ತದೆ, ಮೂಲೆಯಲ್ಲಿರುವುದು ಅರೆಗಣ್ಣಿಗೇ ತಿಳಿಯಬೇಕು.

ನಾಲ್ವರಿಗೆ ನಾಲ್ಕು ಬಣ್ಣ ಹಚ್ಚಿ ಕೈತೊಳೆದುಕೊಳ್ಳಬೇಡ. ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದ ಗಂಡಸರು ಅಪರೂಪವೇನಲ್ಲ. ಬಣ್ಣದ ಜೊತೆ ಒಂದೊಂದು ಗುರುತೂ ಇರಲಿ: ಕೋಡು, ಬಾರಕೋಲು, ಬಾವುಟ, ಗಾಲಿ. (ಗಾಲಿ ಇಟ್ಟರೆ ಗೆಜ್ಜೆ ಬೇಡ, ಸಣ್ಣದಾದಾಗ ಎರಡೂ ಗುಂಡಗೇ.) ಲಾಬಿಯಲ್ಲಿ (ಆಟಕ್ಕೆ ಮುಂಚೆ ಎಲ್ಲರೂ ಕೂಡುವ ಪರದೆ) ಹೆಸರಿನ ಪಕ್ಕ, ಬಂಡಿಯ ಮೇಲೆ, ಕೊನೆಗೆ ಫಲಿತಾಂಶದಲ್ಲಿ ಅದೇ ಗುರುತು ಬರಲಿ. ಆಡುವವರ ಸ್ವಂತ ಬಂಡಿಯ ಮೇಲೆ ಮಾತ್ರ ಒಂದು ಬಾಣ.

ಆಡುವವರ ಸ್ಥಿತಿ ನಾಲ್ಕು: ಕಾಯುತ್ತಿದ್ದಾರೆ, ತಯಾರು, ನೆಟ್ ಹೋಯಿತು, ತಿರುಗಿ ಬಂದರು. ಈ ನಾಲ್ಕಕ್ಕೂ ಮೊದಲ ಸಂಜೆಯೇ ಚಿತ್ರ ಕೊಡು, ಬರೀ ಬೂದು ಪೆಟ್ಟಿಗೆಯಾದರೂ ನಡೆಯುತ್ತದೆ. ನನ್ನ ಮೊದಲ ಜಾಮ್‌ನಲ್ಲಿ ‘ನೆಟ್ ಹೋಯಿತು’ ಅನ್ನುವುದನ್ನು ಬಿಡಿಸಲು ಮರೆತಿದ್ದೆ. ಗೆಳೆಯನೊಬ್ಬ ಆಟದ ನಡುವೆ ಗಪ್ಪನೆ ನಿಂತ. ‘ಬೇಕಂತ ಅಡ್ಡ ನಿಂತಾನ’ ಅಂತ ಉಳಿದ ಮೂವರು ಬೈದದ್ದೇ ಬೈದದ್ದು. ಪಾಪ, ಅವನ ಮನೆಯಲ್ಲಿ ಕರೆಂಟ್ ಹೋಗಿತ್ತು.

ಹಾಗಂತ ಸೆರಗು ಬಿಟ್ಟುಬಿಡು ಅನ್ನುವುದಿಲ್ಲ. ನಮ್ಮವ್ವ ಕೌದಿ ಹೊಲಿಯುವಾಗ ಅಂಚಿನ ಪಟ್ಟಿಗೆ ಎಷ್ಟು ಬೇಕಾದರೂ ತುಂಡು ಜೋಡಿಸೋರು, ಮೂಲೆ ಮಾತ್ರ ನಾಲ್ಕೇ. ನೈನ್-ಸ್ಲೈಸ್ ಅಂದರೂ ಅದೇ. 48×48 ಪಿಕ್ಸೆಲ್‌ನ ಒಂದು ಚೌಕಟ್ಟು ಬಿಡಿಸಿ 16ರ ಒಂಬತ್ತು ತುಂಡು ಮಾಡಿದರೆ ಮೂಲೆಗಳು ಇದ್ದಹಾಗೇ ಉಳಿದು ಅಂಚು, ನಡು ಮಾತ್ರ ಹಿಗ್ಗುತ್ತವೆ. ಒಂದೇ ಚಿತ್ರದಲ್ಲಿ ಎಲ್ಲ ಬಟನ್ನೂ ಮುಗಿಯಿತು. ಆಟ ಕಟ್ಟುವ ತಂತ್ರಾಂಶ ಗೋಡಾಟ್‌ನಲ್ಲಿ ಇದಕ್ಕೆ ನೈನ್‌ಪ್ಯಾಚ್‌ರೆಕ್ಟ್ ಇದೆ. ಅಂಚಿಗೆ ಸೆರಗಿನ ತೆನಿ ಸಾಲು ಹಾಕುವುದಾದರೆ ಸ್ಟ್ರೆಚ್ (ಹಿಗ್ಗಿಸುವುದು) ಬೇಡ, ಟೈಲ್ (ಅದನ್ನೇ ಸಾಲಾಗಿ ಜೋಡಿಸುವುದು) ಆರಿಸು. ಇಲ್ಲದಿದ್ದರೆ ತೆನಿ ಹಿಗ್ಗಿ ಬದನೇಕಾಯಿ ಆಗುತ್ತದೆ.

ಇನ್ನು ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಅಳತೆಗೆ ಬಟನ್ ಮಾಡಿದ್ದೀ, ನಮ್ಮ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ‘ಲಕ್ಷ್ಮೀ’, ‘ರಾಷ್ಟ್ರ’ ಬರೆದು ನೋಡಿಯೇ ಎತ್ತರ ಗೊತ್ತುಮಾಡು. ನೋಟೋ ಸಾನ್ಸ್ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ. ಗೋಡಾಟ್ 4ರಲ್ಲಿ ಒತ್ತು ತಾನೇ ಕೂಡುತ್ತದೆ. ಅಂಥದೇ ಇನ್ನೊಂದು ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ತಾನಾಗಿ ಕೂಡಿಸುವುದಿಲ್ಲ. ಅಲ್ಲಿ ‘ತಯಾರು’, ‘ಗೆದ್ದಿರಿ’ಯಂಥ ನಾಲ್ಕಾರು ಪದಗಳನ್ನು ಚಿತ್ರವಾಗಿಯೇ ಇಟ್ಟರೆ ಜಾಮ್‌ಗೆ ಸಾಕು.

ಎರಡನೇ ದಿನ ಮಧ್ಯಾಹ್ನ ಆಟ ಗೊತ್ತಿಲ್ಲದ ಯಾರನ್ನಾದರೂ ಹಿಡಿದು ಕೂಡಿಸಿ, ಏನೂ ಹೇಳದೆ ಹಿಂದೆ ನಿಲ್ಲು. ‘ನನ್ನ ಬಂಡಿ ಯಾವುದು?’ ಅಂದರೆ ಬಾಣ ದೊಡ್ಡದು ಮಾಡು. ಕೇಳಲಿಲ್ಲವೋ, ಸೆರಗು ಬಿಡಿಸಲು ಕೂಡು.