ಯುದ್ಧದ ನಂತರ ಒಡೆದ ಊರುಗಳಲ್ಲಿ ನಂಬಿಕೆ ಮತ್ತೆ ಬರೋದು ಹೇಗೆ? ನಮ್ಮ ಕಡೆ ಉದಾಹರಣೆ ಇದೆಯಾ?

ಇದೆ, ಬೀದರ್. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಹತ್ತಿರದ ಗೋರ್ಟಾದಲ್ಲಿ ರಜಾಕಾರರು, ಅಂದರೆ ಹೈದರಾಬಾದ್ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಹತ್ಯಾಕಾಂಡ ನಡೆಸಿದರು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಭಾರತೀಯ ಸೇನೆ ಸೆಪ್ಟೆಂಬರ್‌ 13ರಿಂದ 17ರವರೆಗೆ ನಡೆಸಿದ 'ಪೊಲೀಸ್ ಕಾರ್ಯಾಚರಣೆ'ಯ ನಂತರ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತಿರುಗಿತು. ಇದನ್ನು ತಿಳಿಯಲು ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಹೊರಗೆ ಬರಲೇ ಇಲ್ಲ. ನನ್ನ ಪ್ರಕಾರ ಅದೇ ದೊಡ್ಡ ತಪ್ಪು. ಗೋರ್ಟಾದ ನೋವನ್ನೂ ಆಮೇಲಿನ ನೋವನ್ನೂ ಒಂದೇ ಉಸಿರಿನಲ್ಲಿ ಹೇಳದೆ ಸುಮ್ನೆ 'ಭಾಯಿ ಭಾಯಿ' ಅಂದರೆ ಯಾರು ನಂಬುತ್ತಾರೆ?

ನಂಬಿಕೆ ಬರಲು ಸತ್ಯ ಹೇಳೋದರ ಜೊತೆ ಬೇಕಾದ ಇನ್ನೊಂದು, ಜೊತೆಯಾಗಿ ಮಾಡುವ ಕೆಲಸ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿ ಇದೆ. ಹಿಂದೂಗಳಿಗೆ ಅವನು ಅಲ್ಲಮಪ್ರಭು! ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರಗಿ ಕಡೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ, ಶಂಖ ಊದಿ ಹೂ ಏರಿಸುತ್ತಾರೆ. ಅವರಿಲ್ಲದೆ ಉರುಸು ಶುರುವಾಗೋದಿಲ್ಲ. ಶಾಂತಿ ಸಭೆಯಲ್ಲಿ ಭಾಷಣ ಕೇಳಿ ಮನೆಗೆ ಹೋಗಬಹುದು. ಇಲ್ಲಿ ಹಾಗಲ್ಲ, ಒಬ್ಬರ ಕೆಲಸ ಇನ್ನೊಬ್ಬರ ಕೈಯಲ್ಲಿದೆ.