ಹತ್ತು ವರ್ಷದ ಮೇಲೆ ಪಾಪಸಂಕೀರ್ತನೆಗೆ ಹೋಗುವುದು ಹೇಗೆ? ಕುಡಿತದ ವಿಷಯ ಕೂಟದಲ್ಲಿ ಹೇಳಬೇಕೇ?

ಪಾಪಸಂಕೀರ್ತನೆಗೆ, ಅಂದರೆ ಪಾದ್ರಿಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯೋ ಕ್ಯಾಥೋಲಿಕ್ ಸಂಸ್ಕಾರಕ್ಕೆ, ಹತ್ತು ವರ್ಷ ಹೋಗದ ನೀವು ಕೇಳಿರೋದು ಎರಡು. ಕುಡಿತ ಬಿಡ್ತೀನಿ ಅಂತ ಮಾತು ಕೊಟ್ಟು ಪದೇ ಪದೇ ಮುರಿದವನನ್ನು ದೇವರು ಇನ್ನೂ ಕ್ಷಮಿಸ್ತಾನಾ? ಪ್ರಾರ್ಥನಾ ಕೂಟದವರು ಹೇಳಿದ ಹಾಗೆ ಎಲ್ಲರೆದುರು ಸಾಕ್ಷಿ ಹೇಳಬೇಕಾ? ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ, ಈಗ ಬೇಡ.

103ನೇ ಕೀರ್ತನೆಯ 13, 14ನೇ ವಚನ ನೋಡಿ. ತಂದೆ ಮಕ್ಕಳಿಗೆ ಮರುಗುವಂತೆ ದೇವರು ಮರುಗುತ್ತಾನೆ, ನಾವು ಮಣ್ಣು ಅನ್ನೋದು ಆತನಿಗೆ ನೆನಪಿದೆ. ಏಳು ಸಲ ಕ್ಷಮಿಸಿದರೆ ಸಾಕಾ ಎಂದ ಪೇತ್ರನಿಗೆ ಏಳೆಪ್ಪತ್ತು ಸಲ ಕ್ಷಮಿಸು ಎಂದ ಯೇಸು ತಾವು ಏಳಕ್ಕೇ ನಿಲ್ಲಿಸ್ತಾರಾ? ಭಯ, ರೂಢಿ ಇವೆಲ್ಲ ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು ಅಂತ ಕ್ಯಾಥೋಲಿಕ್ ಧರ್ಮೋಪದೇಶದ 1735ನೇ ಪರಿಚ್ಛೇದವೇ ಹೇಳುತ್ತದೆ. "ಇನ್ನು ಮುಟ್ಟಲ್ಲ" ಅನ್ನೋ ಮನಸ್ಸು ಇವತ್ತು ನಿಜವಾಗಿದ್ದರೆ ಸಾಕು. ನಾಳೆ ಬಿದ್ದೇನು ಅನ್ನೋ ಅಂಜಿಕೆಯಿಂದ ಆ ಮನಸ್ಸು ಸುಳ್ಳಾಗಲ್ಲ.

ಈಗ ಪಾಪಸಂಕೀರ್ತನೆಗೆ ಹೋಗುವ ಬಗೆ. ಭಾನುವಾರ ಪೂಜೆಗೆ ಐದು ನಿಮಿಷ ಇರುವಾಗ ಹೋಗಬೇಡಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರದ ಸಾಲಿನಲ್ಲೂ ನಿಲ್ಲಬೇಡಿ. ಹತ್ತು ವರ್ಷದ್ದು ಅಲ್ಲಿ ಹಿಡಿಸಲ್ಲ. ಚರ್ಚಿನ ಕಚೇರಿಗೆ ಹೋಗಿ "ಸ್ವಾಮಿಯವರು ಯಾವಾಗ ಸಿಗ್ತಾರೆ" ಅಂತ ಕೇಳಿ. ನಿಮ್ಮ ಗುರುಗಳಿಗೆ ಮುಖ ತೋರಿಸೋಕೆ ನಾಚಿಕೆಯಾದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಬಹುದು, ತಪ್ಪೇನಿಲ್ಲ. ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್ ಆದರೆ ಪ್ರವಾಸಿಗರ ಗದ್ದಲ ಇಲ್ಲದ ಹೊತ್ತು ನೋಡಿಕೊಳ್ಳಿ. ಮುಖ ಕಾಣದ ಹಾಗೆ ಜಾಲರಿ ಕಿಂಡಿಯ ಹಿಂದೆ ಮಂಡಿಯೂರಿ ಹೇಳಿಕೊಳ್ಳೋದು ನಿಮ್ಮ ಹಕ್ಕು. ದನಿ ತಗ್ಗಿಸಿ ಮಾತಾಡಿ, ಮರದ ಗೂಡಿನಿಂದ ಪಿಸುಮಾತೂ ಪಕ್ಕದ ಬೆಂಚಿಗೆ ಕೇಳಿಸುತ್ತೆ.

ಶುರು ಹೀಗೆ ಮಾಡಿ: "ಸ್ವಾಮಿ, ಪಾಪಸಂಕೀರ್ತನೆ ಮಾಡಿ ಹತ್ತು ವರ್ಷ ಆಯ್ತು. ಕ್ರಮ ಮರೆತಿದ್ದೀನಿ, ನೀವೇ ನಡೆಸಿಕೊಡಿ." ಮಿಕ್ಕದ್ದು ಅವರ ಕೆಲಸ. ಗಂಭೀರ ಪಾಪಗಳ ಬಗೆ ಮತ್ತು ಸುಮಾರು ಎಷ್ಟು ಸಲ ಅನ್ನೋದು ಬೇಕು, ಕಥೆ ಬೇಡ. "ವಾರದಲ್ಲಿ ನಾಲ್ಕೈದು ದಿನ ಕುಡಿದು, ಮನೆಯಲ್ಲಿ ಎರಡು ಸಲ ಕೈ ಮಾಡಿದ್ದೀನಿ" ಅಂದರೆ ಸಾಕು. ಹೆಚ್ಚಿನವರು ಎಡವೋದು ಇಲ್ಲೇ, ತಮ್ಮ ಪಾಪ ಬಿಟ್ಟು ಹೆಂಡತಿಯ ಬಾಯಿಯ ಬಗ್ಗೆ ಹೇಳ್ತಾರೆ. ನಿಜವಾಗಿ ಮರೆತದ್ದೂ ಕ್ಷಮೆಗೆ ಸೇರುತ್ತೆ. ಬೇಕಂತಲೇ ಮುಚ್ಚಿಟ್ಟರೆ ಇಡೀ ಸಂಸ್ಕಾರವೇ ನಿಲ್ಲಲ್ಲ. ಕೊನೆಗೆ ನೀವು ಹೇಳೋ ಪಶ್ಚಾತ್ತಾಪದ ಪ್ರಾರ್ಥನೆ, ಗುರುಗಳು ಕ್ಷಮೆ ಸಾರುವ ಪಾಪವಿಮೋಚನೆ, ಆಮೇಲೆ ಅವರು ಕೊಟ್ಟ ಪ್ರಾಯಶ್ಚಿತ್ತ. ಚೀಟಿ ಬರೆದುಕೊಂಡು ಹೋಗಿದ್ದರೆ ಹೊರಬಂದು ಹರಿದುಹಾಕಿ, ಅಂಗಿ ಜೇಬಿನಲ್ಲಿ ಒಗೆಯೋಕೆ ಹಾಕಬೇಡಿ.

ಗುರುಗಳು ಯಾರಿಗಾದರೂ ಹೇಳಿಬಿಟ್ಟರೆ? ಧರ್ಮಸಭೆಯ ಕಾನೂನಿನ 983ನೇ ವಿಧಿ ಅದನ್ನು ಪೂರ್ತಿ ನಿಷೇಧಿಸಿದೆ. ನೇರವಾಗಿ ಬಯಲು ಮಾಡಿದ ಗುರು ಆ ಕ್ಷಣದಿಂದಲೇ ಧರ್ಮಸಭೆಯಿಂದ ಬಹಿಷ್ಕೃತ. ಪ್ರಾರ್ಥನಾ ಕೂಟಕ್ಕೆ ಇಂಥ ಯಾವ ಕಟ್ಟೂ ಇಲ್ಲ. ಅಲ್ಲಿ ಕಣ್ಣೀರಿಟ್ಟು ಹೇಳಿದ್ದು "ಅವರಿಗಾಗಿ ಪ್ರಾರ್ಥಿಸಿ" ಅನ್ನೋ ನೆಪದಲ್ಲಿ ಬೀದಿಯೆಲ್ಲ ಸುತ್ತುತ್ತೆ. "ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ" ಅಂತ ಯಕೋಬನ ಪತ್ರದಲ್ಲಿದೆ ನಿಜ, ಮೈಕ್ ಹಿಡಿದು ಅಂತ ಇಲ್ಲ. ಬಾಯಿ ಬಿಗಿಯಿರುವ ಒಬ್ಬರನ್ನು ಆರಿಸಿಕೊಳ್ಳಿ. ಕೂಟದಲ್ಲಿ ಹೇಳೋದು ಕುಡಿತ ಬಿಟ್ಟು ಬಹಳ ದಿನ ಆದಮೇಲೆ, ಮನೆಯವರು ಒಪ್ಪಿದರೆ.

ಇನ್ನೊಂದು, ದಿನಾ ಕುಡಿಯೋರಾದರೆ ಹರಕೆ ಹೊತ್ತ ದಿನವೇ ಥಟ್ಟನೆ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣೋದು ಬರಬಹುದು, ಪ್ರಾಣಕ್ಕೂ ಅಪಾಯ. ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ, ಮಾತ್ರೆಯ ಆಸರೆಯಲ್ಲಿ ಬಿಡಿ. ಅದರಿಂದ ನಂಬಿಕೆಗೆ ಕುಂದೇನಿಲ್ಲ.

ಮತ್ತೆ ಬಿದ್ದರೆ ಇನ್ನೊಂದು ಹತ್ತು ವರ್ಷ ಕಾಯಬೇಡಿ, ಆ ವಾರವೇ ಹೋಗಿ. ಆಗ ಹಿಂದಿನ ಸಲದಿಂದ ಈಚಿನದನ್ನಷ್ಟೇ ಹೇಳಿದರಾಯ್ತು. ಕ್ಷಮೆಯಾದದ್ದನ್ನು ಮತ್ತೆ ಎಣಿಸಿ ಹೇಳಬೇಕಾಗಿಲ್ಲ.