ನಾರ್ಮಲ್ ಡೆಲಿವರಿಗೂ ಕೈಗೆ ಡ್ರಿಪ್ ಹಾಕಿಸಿಕೊಳ್ಳಲೇಬೇಕೆ?

ಮೊದಲ ಹೆರಿಗೆ, ಬಿಪಿ ಸಕ್ಕರೆ ಎಲ್ಲ ಸರಿಯಾಗಿದೆ, ನಾರ್ಮಲ್ ಆಗಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಹೀಗಿದ್ದರೂ ಅಡ್ಮಿಟ್ ಆದ ಕೂಡಲೇ ಸೂಜಿ ಚುಚ್ಚಿ ಡ್ರಿಪ್ ಹಾಕುತ್ತಾರಂತೆ, ಅದು ನಿಜವಾಗಿ ಬೇಕೇ, ಬೇಡ ಅನ್ನಬಹುದೇ ಎಂದು ಕೇಳಿದ್ದೀರಿ. ನಾನು ಹೆರಿಗೆ ವಾರ್ಡಿನ ನರ್ಸ್. ಆ ಸೂಜಿ ಹಾಕುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಾ ಬಂದವಳು. ನೋವು ತಾನಾಗಿ ಶುರುವಾಗಿ ಚೆನ್ನಾಗಿ ಮುಂದುವರಿಯುತ್ತಿದ್ದರೆ, ಬಾಯಲ್ಲಿ ನೀರು ಕುಡಿಯಲು ಆಗುತ್ತಿದ್ದರೆ, ಆರೋಗ್ಯವಾಗಿರುವ ಹೆಂಗಸಿಗೆ ಡ್ರಿಪ್ ಬೇಕಿಲ್ಲ. ಆದರೆ ಕೈಯಲ್ಲಿ ಕ್ಯಾನುಲಾ ಇರಬೇಕೇ ಬೇಡವೇ ಎಂಬುದು ಬೇರೆಯದೇ ಪ್ರಶ್ನೆ. ಅದಕ್ಕೆ ಉತ್ತರ ಇಷ್ಟು ಸಲೀಸಲ್ಲ.

ಇವೆರಡನ್ನೂ ಹೆಚ್ಚಿನವರು ಒಂದೇ ಅಂದುಕೊಂಡಿರುತ್ತಾರೆ. ಕ್ಯಾನುಲಾ ಅಂದರೆ ರಕ್ತನಾಳದೊಳಗೆ ಕೂರುವ ಅಂಗುಲ, ಒಂದೂವರೆ ಅಂಗುಲ ಉದ್ದದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಚುಚ್ಚುವಾಗ ಮಾತ್ರ ಅದರೊಳಗೆ ಸೂಜಿ ಇರುತ್ತದೆ. ಕೊಳವೆ ಒಳಗೆ ಸೇರಿದ ತಕ್ಷಣ ಸೂಜಿಯನ್ನು ಹೊರಗೆಳೆದು ಬಿಸಾಡುತ್ತೇವೆ. ಕೈ ಮಡಚಿದರೆ ಸೂಜಿ ಒಳಗೆ ಚುಚ್ಚೀತು ಎಂದು ಗಂಟೆಗಟ್ಟಲೆ ಕೈ ಸೆಟೆದುಕೊಂಡು ಮಲಗಿದವರನ್ನು ನೋಡಿದ್ದೇನೆ. ಪಾಪ, ಯಾರೂ ಅವರಿಗೆ ಹೇಳಿರುವುದಿಲ್ಲ. ಆ ಕೊಳವೆಗೆ ಸ್ವಲ್ಪ ಸಲೈನ್ ಹಾಯಿಸಿ, ಮುಚ್ಚಳ ಹಾಕಿ, ಟೇಪ್ ಅಂಟಿಸಿ ಬಿಟ್ಟುಬಿಡಬಹುದು. ಬಾಟಲಿಯೂ ಇಲ್ಲ, ಸ್ಟ್ಯಾಂಡೂ ಇಲ್ಲ. ನೀವು ಓಡಾಡಬಹುದು, ಪ್ಲಾಸ್ಟಿಕ್ ಸುತ್ತಿಕೊಂಡು ಸ್ನಾನವನ್ನೂ ಮಾಡಬಹುದು. ಡ್ರಿಪ್ ಅಂದರೆ ಅದೇ ಕೊಳವೆಯ ಮೂಲಕ ಬಾಟಲಿಯಿಂದ ಗಂಟೆಗಟ್ಟಲೆ ದ್ರವ ಹರಿಸುತ್ತಾ ಇರುವುದು.

ಎಲ್ಲರಿಗೂ ಡ್ರಿಪ್ ಹಾಕುವ ಅಭ್ಯಾಸದ ಹಿಂದೆ ಒಂದು ಹಳೆಯ ಭಯ ಇದೆ. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿ ತಜ್ಞ ಕರ್ಟಿಸ್ ಮೆಂಡೆಲ್ಸನ್, ಹೆರಿಗೆಯ ಹೊತ್ತಿಗೆ ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ ಪ್ರಕರಣಗಳನ್ನು ವರದಿ ಮಾಡಿದರು. 44,016 ಹೆರಿಗೆಗಳಲ್ಲಿ ಅಂಥವು 66 ಇದ್ದವು. ಮುಖಕ್ಕೆ ಮಾಸ್ಕ್ ಇಟ್ಟು ಅರಿವಳಿಕೆ ಕೊಡುತ್ತಿದ್ದ ಕಾಲ ಅದು. ಅಂದಿನಿಂದ ನೋವು ಶುರುವಾದ ಮೇಲೆ ಬಾಯಿಗೆ ಏನೂ ಹಾಕಬಾರದು ಎಂಬ ನಿಯಮ ಬೇರೂರಿತು. ಬಾಯಿ ಕಟ್ಟಿದ ಮೇಲೆ ಮೈಗೆ ನೀರು ಎಲ್ಲಿಂದ ಬರಬೇಕು? ಹಾಗಾಗಿ ಡ್ರಿಪ್. ಇಂದು ಸಿಸೇರಿಯನ್‌ಗೂ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಭಯದ ಮೂಲ ಕಾರಣ ಬಹುಪಾಲು ಕಡಿಮೆಯಾದರೂ ಎಷ್ಟೋ ಕಡೆ ಅಭ್ಯಾಸ ಹಾಗೇ ಉಳಿದುಕೊಂಡಿದೆ.

ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ, ಅಪಾಯ ಕಡಿಮೆ ಇರುವ ಹೆಂಗಸರು ನೋವಿನ ಸಮಯದಲ್ಲಿ ಕುಡಿಯಲಿ, ತಿನ್ನಲಿ ಎಂದು ಹೇಳಿದೆ. ಹೆರಿಗೆ ಬೇಗ ಆಗಲಿ ಎಂಬ ಉದ್ದೇಶಕ್ಕೆ ಡ್ರಿಪ್ ಹಾಕುವುದನ್ನು ಶಿಫಾರಸು ಮಾಡುವುದಿಲ್ಲ ಎಂದೂ ಹೇಳಿದೆ. ತಾನಾಗಿ ಮುಂದುವರಿಯುತ್ತಿರುವ ಹೆರಿಗೆಯಲ್ಲಿ ಸತತ ಡ್ರಿಪ್ ಬೇಕಾಗದಿರಬಹುದು, ಅದು ಓಡಾಟಕ್ಕೆ ಅಡ್ಡಿ ಎಂಬುದು ಅಮೆರಿಕದ ಪ್ರಸೂತಿ ತಜ್ಞರ ಸಂಘದ ಅಭಿಪ್ರಾಯವೂ ಹೌದು. ನೀವು ಓದುತ್ತಾ ಹೋದರೆ, ಗಂಟೆಗೆ 125 ಮಿಲಿ ಬದಲು 250 ಮಿಲಿ ಕೊಟ್ಟರೆ ಹೆರಿಗೆಯ ಅವಧಿ ಸ್ವಲ್ಪ ಕಡಿಮೆಯಾಗುತ್ತದೆ ಎಂಬ ಅಧ್ಯಯನಗಳು ಸಿಗುತ್ತವೆ. ಅವು ಬಾಯಿಯಲ್ಲಿ ಹೆಚ್ಚು ಕುಡಿಯಲು ಬಿಡದ ಹೆಂಗಸರ ಮೇಲೆ ನಡೆದವು. ದುಡಿಯುವ ಗರ್ಭಕೋಶಕ್ಕೆ ನೀರು ಬೇಕು, ನಿಜ. ಬಾಯಲ್ಲಿ ಕುಡಿಯಲು ಆಗುವವರಿಗೆ ಅದನ್ನು ನರದ ಮೂಲಕವೇ ಏಕೆ ಕೊಡಬೇಕು ಎಂಬುದು ನನ್ನ ಪ್ರಶ್ನೆ. ಹಾಗಂತ ಲೀಟರ್‌ಗಟ್ಟಲೆ ಕುಡಿಯಲೂ ಹೋಗಬೇಡಿ. ಹೆರಿಗೆಯ ಹೊತ್ತಿಗೆ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅತಿಯಾದರೆ ರಕ್ತದ ಸೋಡಿಯಂ ಇಳಿಯುತ್ತದೆ. ಬಾಯಾರಿದಾಗ ಗುಟುಕು ಗುಟುಕಾಗಿ ಸಾಕು.

ಹಾಕಿಸಿಕೊಂಡರೆ ನಷ್ಟವೇನು ಎಂದು ಮನೆಯವರು ಕೇಳಬಹುದು. ನಷ್ಟ ದೊಡ್ಡದಲ್ಲ, ಆದರೆ ಇದೆ. ನೋವು ಬಂದಾಗ ನಡೆಯುವುದು, ಮಂಡಿಯೂರಿ ಕೂರುವುದು, ಗೋಡೆ ಹಿಡಿದು ಬಾಗುವುದು, ಇವೆಲ್ಲ ಹೆರಿಗೆಗೆ ನೆರವಾಗುವ ಸಂಗತಿಗಳು. ಕೈಗೆ ಪೈಪು ಸಿಕ್ಕಿಸಿದ ಮೇಲೆ ಹೆಚ್ಚಿನವರು ಮಂಚ ಬಿಟ್ಟು ಏಳುವುದೇ ಇಲ್ಲ. ಗ್ಲೂಕೋಸ್ ಬಾಟಲಿ ಜಾಸ್ತಿ ಹೋದರೆ ಮಗುವಿನ ಮೈಯಲ್ಲೂ ಸಕ್ಕರೆ ಏರಿ, ಹುಟ್ಟಿದ ಮೇಲೆ ದಿಢೀರನೆ ಇಳಿಯುವ ಸಾಧ್ಯತೆ ಇದೆ. ಇನ್ನೊಂದನ್ನು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. ತಾಯಿಗೆ ಕೊಟ್ಟ ದ್ರವ ಮಗುವಿಗೂ ಹೋಗುವುದರಿಂದ ಹುಟ್ಟಿದಾಗಿನ ತೂಕ ಇರುವುದಕ್ಕಿಂತ ತುಸು ಜಾಸ್ತಿ ತೋರಿಸಬಹುದು. ಮೊದಲ ದಿನ ಆ ನೀರೆಲ್ಲ ಮೂತ್ರವಾಗಿ ಹೋಗಿ ತೂಕ ಇಳಿದಾಗ, ಎದೆಹಾಲು ಸಾಲುತ್ತಿಲ್ಲ ಎಂದು ಮನೆಮಂದಿಯೆಲ್ಲ ಗಾಬರಿಯಾಗಿ ಪುಡಿ ಹಾಲಿಗೆ ಕೈಹಾಕುತ್ತಾರೆ. ಹಾಲೂಡಿಸಲು ಆಗ ತಾನೇ ಕಲಿಯುತ್ತಿರುವ ತಾಯಿಯ ಧೈರ್ಯ ಅಲ್ಲೇ ಕುಸಿಯುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಹೆರಿಗೆಯಲ್ಲಿ ಬಾಟಲಿಗಟ್ಟಲೆ ಡ್ರಿಪ್ ಹೋಗಿದ್ದರೆ, ತೂಕ ಎಷ್ಟು ಇಳಿಯಿತು ಎಂದು ಲೆಕ್ಕ ಹಾಕುವವರಿಗೆ ಅದನ್ನು ನೆನಪಿಸಿ.

ಇನ್ನು ನಿಜವಾಗಿಯೂ ಬೇಕಾಗುವ ಸಂದರ್ಭಗಳು. ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಔಷಧ) ತೆಗೆದುಕೊಂಡರೆ ಬಿಪಿ ಇಳಿಯಬಹುದು, ಆಗ ಕ್ಯಾನುಲಾ ಕಡ್ಡಾಯ. ನೋವು ಬರಿಸಲು ಅಥವಾ ಹೆಚ್ಚಿಸಲು, ಗರ್ಭಕೋಶ ಮುದುಡುವಂತೆ ಮಾಡುವ ಆಕ್ಸಿಟೋಸಿನ್ ಕೊಡುವಾಗ ಅದನ್ನು ಹನಿ ಲೆಕ್ಕದಲ್ಲಿ ಡ್ರಿಪ್‌ನಲ್ಲೇ ಕೊಡಬೇಕು. ಬಿಪಿ ತೀರಾ ಏರಿ, ಫಿಟ್ಸ್ ಬರದಂತೆ ಮ್ಯಾಗ್ನೀಸಿಯಂ ಸಲ್ಫೇಟ್ ಬೇಕಾದಾಗ, ಜ್ವರ ಬಂದಾಗ, ಗ್ರೂಪ್ ಬಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಆ್ಯಂಟಿಬಯಾಟಿಕ್ ಕೊಡುವಾಗ (ಹುಟ್ಟುವುದಕ್ಕೆ ಕನಿಷ್ಠ 4 ಗಂಟೆ ಮೊದಲು ಶುರುವಾದರೆ ಒಳ್ಳೆಯದು), ವಾಂತಿಯಾಗಿ ಏನೂ ನಿಲ್ಲದಿದ್ದಾಗ, ಇಲ್ಲೆಲ್ಲ ವಾದ ಮಾಡಬೇಡಿ. ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ, ರಕ್ತಹೀನತೆ ಇದ್ದರೆ, ಹಿಂದಿನ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗಿದ್ದರೆ ಕ್ಯಾನುಲಾವಂತೂ ಮೊದಲೇ ಇರಲಿ.

ಇವು ಯಾವುವೂ ಇಲ್ಲದ ನಿಮ್ಮಂಥವರಿಗೆ ಮುಚ್ಚಳ ಹಾಕಿದ ಕ್ಯಾನುಲಾ ಏಕೆ ಎಂದರೆ, ಕಾರಣ ಹೆರಿಗೆಯ ನಂತರದ ರಕ್ತಸ್ರಾವ. ತಿಂಗಳು ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶದ ಸ್ನಾಯು ಗಟ್ಟಿಯಾಗಿ ಮುದುಡಿ ಆ ಜಾಗದ ರಕ್ತನಾಳಗಳನ್ನು ಬಿಗಿಹಿಡಿದು ಮುಚ್ಚಬೇಕು. ಮುದುಡದಿದ್ದರೆ ರಕ್ತ ಹೋಗುವ ವೇಗ ಹೇಗಿರುತ್ತದೆ ಎಂದು ಈ ಅಂಕಿಯಿಂದಲೇ ಅಂದಾಜಾಗುತ್ತದೆ. ಅಂಥ ರಕ್ತಸ್ರಾವ ಆಗುವವರಲ್ಲಿ ಅನೇಕರಿಗೆ ಮುಂಚಿತವಾಗಿ ಯಾವ ಸೂಚನೆಯೂ ಇರುವುದಿಲ್ಲ. ರಕ್ತ ಹೋದಂತೆ ಕೈಕಾಲು ತಣ್ಣಗಾಗಿ ನರಗಳು ಒಳಸೇರಿಕೊಳ್ಳುತ್ತವೆ. ಮುಂಜಾನೆ ಎದ್ದು ಕಾಣುತ್ತಿದ್ದ ನರ ಆಗ ಬೆರಳಿಗೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಕ್ಯಾನುಲಾ ಮೊದಲೇ ಇದ್ದರೆ ಒಂದೇ ಕೊಳವೆಯಲ್ಲಿ ಔಷಧ, ದ್ರವ, ಬೇಕಾದರೆ ರಕ್ತ ಎಲ್ಲವೂ ಹೋಗುತ್ತದೆ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಅನ್ನು ಹೆರಿಗೆಯಾದ 3 ಗಂಟೆಯೊಳಗೆ ನರಕ್ಕೇ ಕೊಡಬೇಕು, ಅದರಲ್ಲೂ ಬೇಗ ಕೊಟ್ಟಷ್ಟೂ ಫಲ ಹೆಚ್ಚು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ರಕ್ತಸ್ರಾವ ಆಗದಂತೆ ಮಗು ಹುಟ್ಟಿದ ಕೂಡಲೇ ಎಲ್ಲರಿಗೂ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಅನ್ನು ತೊಡೆಯ ಸ್ನಾಯುವಿಗೇ ಕೊಡಬಹುದು, ಅದಕ್ಕೆ ಕ್ಯಾನುಲಾ ಬೇಕಿಲ್ಲ. ಹೆರಿಗೆಗಳಲ್ಲಿ ಬಹುಪಾಲು ಆ ಕೊಳವೆಯ ಉಪಯೋಗವೇ ಆಗದೆ ಮುಗಿಯುತ್ತವೆ. ಸೂಜಿ ಕಂಡರೆ ತಲೆಸುತ್ತಿ ಬೀಳುವವರಿಗೆ, ಕೈಯಲ್ಲಿ ಏನೋ ಇದೆ ಎಂಬ ಭಾವನೆಯೇ ಹಿಂಸೆಯಾಗುವವರಿಗೆ ಬೇಡ ಎನ್ನುವುದು ತಪ್ಪಲ್ಲ. ಆದರೂ ನನ್ನ ತಂಗಿ ಕೇಳಿದರೆ ನಾನು ಹೇಳುವುದು ಇಷ್ಟೇ: ಕ್ಯಾನುಲಾ ಹಾಕಿಸಿಕೋ, ಕಾರಣ ಹೇಳದೆ ಡ್ರಿಪ್ ಹಾಕಲು ಬಂದರೆ ಯಾಕೆ ಅಂತ ಕೇಳು.

ಹೀಗೆ ಕೇಳುವುದಕ್ಕೆ ನೋವು ಶುರುವಾದ ಮೇಲಿನ ಹೊತ್ತು ಸರಿಯಲ್ಲ, ಆಗ ನಿಮಗೂ ಮಾತು ಹೊರಡುವುದಿಲ್ಲ. ಮುಂದಿನ ಚೆಕಪ್‌ನಲ್ಲೇ ಡಾಕ್ಟರ್ ಹತ್ತಿರ ಮಾತಾಡಿ. ನೋವಿನ ಹೊತ್ತಿನಲ್ಲಿ ಕುಡಿಯಲು, ತಿನ್ನಲು ಬಿಡುತ್ತೀರಾ, ಕ್ಯಾನುಲಾಕ್ಕೆ ಮುಚ್ಚಳ ಹಾಕಿ ಬಿಡಬಹುದೇ ಎಂದು ಕೇಳಿ, ಒಪ್ಪಿದ್ದನ್ನು ಫೈಲಿನಲ್ಲಿ ಬರೆಸಿ. ರಾತ್ರಿ ಡ್ಯೂಟಿಯಲ್ಲಿರುವ ನರ್ಸ್‌ಗೆ ಆ ಎರಡು ಸಾಲು ಎಷ್ಟು ಉಪಕಾರ ಅಂತೀರಿ! ಜೊತೆಗೆ ಬರುವವರಿಗೂ ವಿಷಯ ತಿಳಿದಿರಲಿ.

ಅವತ್ತು ಯಾರಾದರೂ ಬಾಟಲಿ ನೇತುಹಾಕಿದರೆ ಇದರಲ್ಲಿ ಏನು ಸೇರಿಸಿದ್ದೀರಿ ಎಂದು ಕೇಳಿ. ಬರೀ ಸಲೈನ್ ಆದರೆ ಒಂದು ಮಾತು, ಆಕ್ಸಿಟೋಸಿನ್ ಸೇರಿದ್ದರೆ ಅದು ಬೇರೆಯೇ ನಿರ್ಧಾರ. ನೋವಿನ ತೀವ್ರತೆ ಬದಲಾಗುತ್ತದೆ, ಮಗುವಿನ ಎದೆಬಡಿತವನ್ನು ಬಿಡದೆ ಗಮನಿಸಬೇಕಾಗುತ್ತದೆ. ನಿಮಗೆ ತಿಳಿಸದೆ, ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಶುರು ಮಾಡಬಾರದು.

ಕ್ಯಾನುಲಾ ಹಾಕಿಸಿಕೊಳ್ಳುವುದಾದರೆ, ನೀವು ಬರೆಯಲು ಬಳಸದ ಕೈಯನ್ನು ಮುಂದೆ ಮಾಡಿ. ಮಣಿಕಟ್ಟಿನ ಅಥವಾ ಮೊಣಕೈಯ ಮಡಿಕೆ ಬಿಟ್ಟು ಮುಂಗೈಯಲ್ಲಿ ಹಾಕಿ ಎಂದು ಕೇಳಿ, ಮಗುವನ್ನು ಎತ್ತಿ ಹಾಲೂಡಿಸುವಾಗ ಅನುಕೂಲ. ಹೆರಿಗೆಗೆ ಸಾಮಾನ್ಯವಾಗಿ ಹಸಿರು ಬಣ್ಣದ 18 ಗೇಜ್ ಹಾಕುತ್ತೇವೆ (ಗೇಜ್ ಅಂದರೆ ಕೊಳವೆಯ ದಪ್ಪದ ಅಳತೆ, ಅಂಕಿ ಹೆಚ್ಚಿದಷ್ಟೂ ಕೊಳವೆ ಸಣ್ಣ). ಗುಲಾಬಿ ಬಣ್ಣದ 20 ಗೇಜ್ ಅದಕ್ಕಿಂತ ಸಣ್ಣದು, ಚುಚ್ಚುವಾಗ ನೋವು ಕಡಿಮೆ, ಆದರೆ ತುರ್ತಿನಲ್ಲಿ ರಕ್ತ ವೇಗವಾಗಿ ಹೋಗಲು ಹಸಿರೇ ಮೇಲು. ಹೆರಿಗೆಯಾಗಿ ರಕ್ತ ಹೋಗುವುದು ಹತೋಟಿಗೆ ಬಂದು, ನೀವು ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ ಅದನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳಿ. ಅಷ್ಟರೊಳಗೆ ಆ ಜಾಗ ಕೆಂಪಾದರೆ, ಊದಿದರೆ, ಉರಿದರೆ ಸುಮ್ಮನಿರದೆ ತಕ್ಷಣ ನರ್ಸ್‌ನ ಕರೆಯಿರಿ.